ಅಂಗಾಲಿನ ಮಚ್ಚೆಯೂ ಕರುಳಿನ ತಡೆಯೂ: ಒಂದು ವ್ಯಾಧಿಯ ಪೂರ್ವವೃತ್ತಾಂತ

ರೋಗಿಯು ಆಸ್ಪತ್ರೆಗೆ ಬಂದಾಗ ವೈದ್ಯರು ಮೊದಲು ವಿಚಾರಿಸುವುದು ಅವನ ಪೂರ್ವವೃತ್ತಾಂತವನ್ನು. ಹಿಂದೆ ಯಾವ ಕಾಯಿಲೆ ಬಂದಿತ್ತು, ಯಾವ ಶಸ್ತ್ರಚಿಕಿತ್ಸೆ ನಡೆದಿತ್ತು, ಮನೆಯಲ್ಲಿ ಮತ್ತಾರಿಗಾದರೂ ಇಂಥ ರೋಗವಿತ್ತೇ ಎಂಬುದನ್ನು ಕೇಳಿ ಬರೆದುಕೊಂಡ ಮೇಲೆಯೇ ದೇಹಪರೀಕ್ಷೆಗೆ ತೊಡಗುವುದು ವೈದ್ಯರ ಸಂಪ್ರದಾಯ. ಚರಿತ್ರೆಯ ಅಧ್ಯಾಪಕನಿಗೆ ಈ ಸಂಪ್ರದಾಯವು ತನ್ನದೇ ಶಾಸ್ತ್ರದ ಒಂದು ಶಾಖೆಯಂತೆ ತೋರಿದರೆ ಆಶ್ಚರ್ಯವಿಲ್ಲ. ಇಂದು ಕಣ್ಣಿಗೆ ಕಾಣುವ ಕಾರ್ಯಕ್ಕೆ ಎಂದೋ ನಡೆದುಹೋದ ಕಾರಣವನ್ನು ಹುಡುಕುವುದು ಇಬ್ಬರ ಕೆಲಸವೂ ಹೌದು.

ಇಂಥ ಹುಡುಕಾಟವು ಎಷ್ಟು ಅಗತ್ಯವೆಂಬುದನ್ನು ತೋರಿಸಲು ಒಂದು ವ್ಯಾಧಿಯನ್ನು ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿದೆ. ಚರ್ಮದ ಮೇಲಿನ ಒಂದು ಕಪ್ಪು ಮಚ್ಚೆಯಾಗಿ ಆರಂಭವಾಗಿ, ಹಲವು ವರ್ಷಗಳ ಅನಂತರ ಕರುಳಿನಲ್ಲಿ ಗಂಟಾಗಿ, ಕೊನೆಗೆ ಕರುಳಿನ ದಾರಿಯನ್ನೇ ಮುಚ್ಚಿಬಿಡುವ ಕ್ಯಾನ್ಸರ್ ಅದು. ವೈದ್ಯರು ಅದನ್ನು ಮೆಲನೋಮ ಎನ್ನುತ್ತಾರೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಂಥ ಪ್ರದೇಶದಲ್ಲಿ ಈ ವ್ಯಾಧಿ ವಿರಳ. ಆದರೆ ವಿರಳವಾದುದರಿಂದಲೇ ಅದನ್ನು ಗುರುತಿಸುವುದು ತಡವಾಗುತ್ತದೆ. ತಡವಾದುದರಿಂದಲೇ ಅದು ಮಾರಕವಾಗುತ್ತದೆ. ಆದುದರಿಂದ ಇದರ ವಿಷಯವನ್ನು ವೈದ್ಯರಲ್ಲದವರೂ ತಿಳಿದಿರುವುದು ಒಳ್ಳೆಯದು.

೧. ವ್ಯಾಧಿಯ ಸ್ವರೂಪ

ನಮ್ಮ ಚರ್ಮಕ್ಕೆ ಬಣ್ಣವನ್ನು ಕೊಡುವ ವಸ್ತು ಮೆಲನಿನ್. ಇದನ್ನು ತಯಾರಿಸುವ ವಿಶೇಷ ಜೀವಕೋಶಗಳು ಚರ್ಮದ ಮೇಲ್ಪದರದ ಬುಡದಲ್ಲಿವೆ. ಬಿಳಿಯರಲ್ಲಿಯೂ ಕರಿಯರಲ್ಲಿಯೂ ಈ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅವು ತಯಾರಿಸುವ ಬಣ್ಣದ ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸ. ಈ ಕೋಶಗಳು ಅಂಕೆ ತಪ್ಪಿ ಬೆಳೆಯತೊಡಗಿದರೆ ಮೆಲನೋಮ ಹುಟ್ಟುತ್ತದೆ.

ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಬಿಳಿಯ ಚರ್ಮದವರಲ್ಲಿ ಈ ರೋಗಕ್ಕೆ ಮುಖ್ಯ ಕಾರಣ. ಆದುದರಿಂದಲೇ ಯೂರೋಪಿನಿಂದ ಹೋಗಿ ನೆಲೆಸಿದವರ ಸಂತತಿಯೇ ಬಹುಸಂಖ್ಯೆಯಲ್ಲಿರುವ ಆಸ್ಟ್ರೇಲಿಯದಲ್ಲಿ ಇದರ ಹಾವಳಿ ಬಲು ಹೆಚ್ಚು. ವರ್ಷಕ್ಕೆ ಲಕ್ಷ ಜನರಲ್ಲಿ ೩೦ಕ್ಕಿಂತ ಹೆಚ್ಚು ಮಂದಿಗೆ ಅಲ್ಲಿ ಈ ವ್ಯಾಧಿ ಬರುತ್ತದೆ. ಭಾರತದಲ್ಲಿ ಈ ಸಂಖ್ಯೆ ಲಕ್ಷಕ್ಕೆ ಒಂದನ್ನೂ ಮುಟ್ಟುವುದಿಲ್ಲ. ನಮ್ಮ ಚರ್ಮದ ಕಪ್ಪು ನಮಗೆ ಕೊಡೆಯಾಗಿದೆ ಎನ್ನಬಹುದು.

ಆದರೆ ಈ ಕೊಡೆಯ ರಕ್ಷಣೆ ದೇಹದ ಎಲ್ಲ ಭಾಗಕ್ಕೂ ದೊರೆಯುವುದಿಲ್ಲ. ಅಂಗಾಲು, ಅಂಗೈ, ಉಗುರಿನ ಬುಡ ಇವುಗಳಲ್ಲಿ ಹುಟ್ಟುವ ಮೆಲನೋಮಕ್ಕೂ ಬಿಸಿಲಿಗೂ ಸಂಬಂಧ ಕಡಿಮೆ. ಅದು ಎಲ್ಲ ಬಣ್ಣದವರಿಗೂ ಬರಬಹುದು. ನಮ್ಮವರಲ್ಲಿ ಬಿಸಿಲಿನ ಬಗೆಯ ರೋಗವು ತೀರ ಕಡಿಮೆಯಾದುದರಿಂದ, ಕಾಣಿಸಿಕೊಳ್ಳುವ ಮೆಲನೋಮಗಳಲ್ಲಿ ಅಂಗಾಲಿನದೇ ದೊಡ್ಡ ಪಾಲು. ಜಮೈಕದ ಪ್ರಸಿದ್ಧ ಗಾಯಕ ಬಾಬ್ ಮಾರ್ಲೆಯ ಉದಾಹರಣೆ ಲೋಕವಿದಿತವಾದುದು. ಅವನ ಕಾಲ್ಬೆರಳಿನಲ್ಲಿದ್ದ ಹುಣ್ಣನ್ನು ಕಾಲ್ಚೆಂಡಾಟದ ಪೆಟ್ಟೆಂದೇ ಭಾವಿಸಲಾಗಿತ್ತು. ಅದು ಮೆಲನೋಮವೆಂದು ೧೯೭೭ರಲ್ಲಿ ತಿಳಿಯಿತು; ೧೯೮೧ರ ಮೇ ೧೧ರಂದು, ೩೬ನೆಯ ವಯಸ್ಸಿನಲ್ಲಿ, ದೇಹದ ಹಲವು ಅಂಗಗಳಿಗೆ ಹರಡಿದ ಅದೇ ವ್ಯಾಧಿಯಿಂದ ಅವನು ತೀರಿಕೊಂಡನು.

೨. ವ್ಯಾಧಿಯ ಚರಿತ್ರೆ

ಗಂಟಿನ ಮೇಲೆ ಗಂಟು ಹುಟ್ಟುವುದನ್ನು ನಮ್ಮ ಪ್ರಾಚೀನರು ಗಮನಿಸಿದ್ದರು. ಮೊದಲಿದ್ದ ಅರ್ಬುದದ ಮೇಲೆ ಹುಟ್ಟಿದುದನ್ನು ಅಧ್ಯರ್ಬುದವೆಂದೂ, ಒಟ್ಟಿಗೆ ಅಥವಾ ಒಂದಾದ ಮೇಲೊಂದರಂತೆ ಹುಟ್ಟಿದ ಎರಡನ್ನು ದ್ವಿರರ್ಬುದವೆಂದೂ ಸುಶ್ರುತಸಂಹಿತೆಯು ಹೆಸರಿಸಿ, ಅವು ಅಸಾಧ್ಯವೆಂದು ಹೇಳುತ್ತದೆ. ಅದೇ ಗ್ರಂಥದಲ್ಲಿ ಕರುಳು ಕಟ್ಟಿಕೊಳ್ಳುವ ರೋಗಕ್ಕೆ ಬದ್ಧಗುದೋದರವೆಂದು ಹೆಸರು. ಹೊಟ್ಟೆಯನ್ನು ಸೀಳಿ, ಕರುಳನ್ನು ಹೊರತೆಗೆದು, ತಡೆಯನ್ನು ನೀಗಿಸಿ, ಮತ್ತೆ ಹೊಲಿಯುವ ವಿಧಾನವನ್ನೂ ಅಲ್ಲಿ ಹೇಳಿದೆ. ಇದರಿಂದ ಇಂದಿನ ಜ್ಞಾನವೆಲ್ಲವೂ ಅಂದೇ ಇತ್ತೆಂದು ಹೇಳುವುದು ಚರಿತ್ರಕಾರನಿಗೆ ಒಪ್ಪುವ ಮಾತಲ್ಲ. ಅಧ್ಯರ್ಬುದ, ಬದ್ಧಗುದೋದರ ಇವೆರಡನ್ನೂ ಒಂದೇ ವ್ಯಾಧಿಯ ಆದಿ ಅಂತ್ಯಗಳೆಂದು ಅಲ್ಲಿ ಕೂಡಿಸಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಕಂಡಿದ್ದರೆಂಬುದಷ್ಟೇ ಸಿದ್ಧವಾದ ಸಂಗತಿ.

ಯೂರೋಪಿನಲ್ಲಿಯೂ ಎರಡು ಕೊನೆಗಳೂ ಬಹುಕಾಲ ಬೇರೆ ಬೇರೆಯಾಗಿಯೇ ಉಳಿದುವು. ಇದಕ್ಕೆ ಇಬ್ಬರು ಶಸ್ತ್ರವೈದ್ಯರ ಜೀವನವೇ ನಿದರ್ಶನ.

ಮೊದಲನೆಯವನು ಲಂಡನ್ನಿನ ಜಾನ್ ಹಂಟರ್ (೧೭೨೮–೧೭೯೩). ೧೭೮೭ರಲ್ಲಿ ಆತನು ೩೫ ವರ್ಷದ ಒಬ್ಬ ಮನುಷ್ಯನ ದವಡೆಯ ಮೂಲೆಯ ಹಿಂಭಾಗದಿಂದ, ಸ್ವಲ್ಪ ಬಿಳುಪಾಗಿಯೂ ಸ್ವಲ್ಪ ಕಪ್ಪಾಗಿಯೂ ಇದ್ದ ಒಂದು ಗಂಟನ್ನು ತೆಗೆದು, ತನ್ನ ಸಂಗ್ರಹದಲ್ಲಿ ಕಾಪಾಡಿ ಇಟ್ಟನು. ಅದು ಯಾವ ರೋಗವೆಂಬುದು ಆತನಿಗೆ ತಿಳಿದಿರಲಿಲ್ಲ. ಲಂಡನ್ನಿನ ಹಂಟರ್ ವಸ್ತುಸಂಗ್ರಹಾಲಯದಲ್ಲಿ ಉಳಿದು ಬಂದಿದ್ದ ಆ ತುಣುಕನ್ನು ೧೯೬೮ರಲ್ಲಿ ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿದಾಗ ಮೆಲನೋಮವೆಂದು ಖಚಿತವಾಯಿತು. ಕರುಳಿನ ಒಂದು ಭಾಗವು ಇನ್ನೊಂದು ಭಾಗದೊಳಕ್ಕೆ ತೂರಿಕೊಂಡು ದಾರಿ ಮುಚ್ಚುವ ವಿಕಾರವನ್ನು ಕುರಿತು ಪ್ರಬಂಧ ಬರೆದವನೂ ಇದೇ ಹಂಟರನು. ಅದು ೧೭೯೩ರಲ್ಲಿ, ಆತನು ತೀರಿಕೊಂಡ ವರ್ಷದಲ್ಲಿಯೇ, ಅಚ್ಚಾಯಿತು. ಹೀಗೆ ವ್ಯಾಧಿಯ ಎರಡು ಕೊನೆಗಳೂ ಒಬ್ಬನ ಕೈಗೇ ಬಂದಿದ್ದರೂ ಅವನ್ನು ಜೋಡಿಸುವ ದಾರವು ಇನ್ನೂ ದೊರೆತಿರಲಿಲ್ಲ.

ಈ ವ್ಯಾಧಿಯನ್ನು ಪ್ರತ್ಯೇಕವಾಗಿ ಗುರುತಿಸಿ, ಗ್ರೀಕ್ ಭಾಷೆಯ 'ಕಪ್ಪು' ಎಂಬ ಅರ್ಥದ ಶಬ್ದದಿಂದ ಅದಕ್ಕೆ ಹೆಸರಿಟ್ಟವನು ಫ್ರಾನ್ಸಿನ ಲಾಯೆನ್ನೆಕ್. ಮುಂದೆ ಎದೆಬಡಿತವನ್ನು ಕೇಳುವ ಸ್ಟೆತಾಸ್ಕೋಪನ್ನು ನಿರ್ಮಿಸಿ ಖ್ಯಾತನಾದವನು ಈತನೇ. ೧೮೦೪ರಲ್ಲಿ ಪ್ಯಾರಿಸ್ಸಿನಲ್ಲಿ ಓದಿದ ಪ್ರಬಂಧದಲ್ಲಿ ಈ ಕಪ್ಪು ಗಂಟುಗಳು ತಮ್ಮದೇ ಜಾತಿಯ ಒಂದು ರೋಗವೆಂದು ಆತನು ಪ್ರತಿಪಾದಿಸಿದನು. ೧೮೦೬ರಲ್ಲಿ ಅದು ಪ್ರಕಟವಾಯಿತು. ೧೮೨೦ರಲ್ಲಿ ಇಂಗ್ಲೆಂಡಿನ ವಿಲಿಯಂ ನಾರಿಸ್ ಎಂಬ ವೈದ್ಯನು ತನ್ನ ರೋಗಿಯೊಬ್ಬನ ವೃತ್ತಾಂತವನ್ನು ಬರೆಯುತ್ತ, ಆ ರೋಗಿಯ ತಂದೆಯೂ ಇಂಥದೇ ರೋಗದಿಂದ ತೀರಿಕೊಂಡಿದ್ದನೆಂಬುದನ್ನು ಗುರುತಿಸಿದನು. ಮನೆತನದ ವೃತ್ತಾಂತವನ್ನು ಕೇಳದೆ ಹೋಗಿದ್ದರೆ ಈ ಸಂಗತಿ ಹೊರಬೀಳುತ್ತಿರಲಿಲ್ಲ.

ಎರಡನೆಯವನು ಲಂಡನ್ನಿನವನೇ ಆದ ಜೊನಾಥನ್ ಹಚಿನ್‌ಸನ್ (೧೮೨೮–೧೯೧೩). ತೂರಿಕೊಂಡ ಕರುಳನ್ನು ಹೊಟ್ಟೆ ತೆರೆದು ಸರಿಪಡಿಸಿ, ಎರಡು ವರ್ಷದ ಒಂದು ಹೆಣ್ಣುಮಗುವನ್ನು ೧೮೭೧ರಲ್ಲಿ ಉಳಿಸಿದ ಕೀರ್ತಿ ಈತನದು. ಉಗುರಿನ ಬುಡದಲ್ಲಿ ಹುಟ್ಟಿ ಉಗುರುಸುತ್ತಿನಂತೆ ಕಾಣುವ ಮೆಲನೋಮವನ್ನು ೧೮೮೬ರಲ್ಲಿ ವರ್ಣಿಸಿದವನೂ ಈತನೇ. ಅಂಥ ಗಂಟು ಎಷ್ಟೋ ಸಲ ಕಪ್ಪಾಗಿರುವುದಿಲ್ಲವೆಂದೂ, ಅಂಚಿನಲ್ಲಿ ಕಾಣುವ ತೆಳುವಾದ ಬಣ್ಣವೇ ಅದರ ಸುಳಿವೆಂದೂ ಆತನು ತೋರಿಸಿಕೊಟ್ಟನು. ಉಗುರಿನ ಕಪ್ಪು ಬಣ್ಣವು ಸುತ್ತಲಿನ ಚರ್ಮಕ್ಕೆ ಹರಡಿರುವುದನ್ನು ವೈದ್ಯರು ಇಂದಿಗೂ ಹಚಿನ್‌ಸನ್ನನ ಚಿಹ್ನೆ ಎಂದೇ ಕರೆಯುತ್ತಾರೆ.

೩. ಚರ್ಮದಿಂದ ಕರುಳಿಗೆ

ಚರ್ಮದ ಮೇಲ್ಪದರದಲ್ಲಿರುವವರೆಗೆ ಮೆಲನೋಮದಿಂದ ಪ್ರಾಣಾಪಾಯವಿಲ್ಲ. ಅದು ಆಳಕ್ಕೆ ಇಳಿದಂತೆ ಅಪಾಯ ಬೆಳೆಯುತ್ತದೆ. ಗಂಟಿನ ದಪ್ಪವನ್ನು ಮಿಲಿಮೀಟರುಗಳಲ್ಲಿ ಅಳೆದು ರೋಗಿಯ ಭವಿಷ್ಯವನ್ನು ಅಂದಾಜು ಮಾಡುವ ಕ್ರಮವನ್ನು ಅಮೆರಿಕದ ಬ್ರೆಸ್ಲೊ ಎಂಬ ವೈದ್ಯನು ೧೯೭೦ರಲ್ಲಿ ಪ್ರಕಟಿಸಿದನು. ಒಂದು ಮಿಲಿಮೀಟರಿಗಿಂತ ತೆಳುವಾಗಿರುವಾಗ ಕತ್ತರಿಸಿ ತೆಗೆದರೆ ಬಹುಪಾಲು ರೋಗಿಗಳು ಗುಣ ಹೊಂದುತ್ತಾರೆ. ಅದಕ್ಕಿಂತ ಆಳಕ್ಕೆ ಇಳಿದಷ್ಟೂ ರೋಗಕೋಶಗಳು ದುಗ್ಧರಸ ನಾಳಗಳನ್ನೂ ರಕ್ತನಾಳಗಳನ್ನೂ ಸೇರಿ, ತೊಡೆಸಂದಿನ ಗ್ರಂಥಿಗಳಿಗೂ ಶ್ವಾಸಕೋಶ, ಯಕೃತ್ತು, ಮೆದುಳು, ಕರುಳುಗಳಿಗೂ ಸಾಗುವ ಸಂಭವ ಹೆಚ್ಚು.

ಸಾಗಿಹೋದ ಕೋಶಗಳೆಲ್ಲ ಎಲ್ಲೆಡೆಯೂ ಬೇರೂರುವುದಿಲ್ಲ. ಇದನ್ನು ವಿವರಿಸಲು ಸ್ಟೀಫನ್ ಪೇಜೆಟ್ ಎಂಬ ಆಂಗ್ಲ ವೈದ್ಯನು ೧೮೮೯ರಲ್ಲಿ ಬೀಜ ಮತ್ತು ಮಣ್ಣಿನ ಉಪಮೆಯನ್ನು ತಂದನು. ಬೀಜವು ಎಲ್ಲಿಗಾದರೂ ತೂರಿಹೋಗಬಹುದು. ತನಗೆ ಒಗ್ಗುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ. ಶೇಂಗಾ ಬಿತ್ತುವ ಕೆಂಪು ನೆಲವನ್ನೂ ಹತ್ತಿ ಬೆಳೆಯುವ ಎರೆನೆಲವನ್ನೂ ಬಲ್ಲ ನಮ್ಮ ಸೀಮೆಯವರಿಗೆ ಈ ಉಪಮೆಯನ್ನು ಬಿಡಿಸಿ ಹೇಳಬೇಕಾದುದಿಲ್ಲ. ಮೆಲನೋಮದ ಬೀಜಕ್ಕೆ ಸಣ್ಣ ಕರುಳು ಒಗ್ಗುವ ಮಣ್ಣು. ಸಣ್ಣ ಕರುಳಿನ ಒಳಪದರವು ಒಂದು ರಾಸಾಯನಿಕ ವಸ್ತುವನ್ನು ಸ್ರವಿಸಿ ದೇಹದ ಕೆಲವು ರಕ್ಷಕ ಕೋಶಗಳನ್ನು ತನ್ನೆಡೆಗೆ ಕರೆಯುತ್ತದೆ. ಈ ಕರೆಯನ್ನು ಗ್ರಹಿಸುವ ಸಾಧನವು ಕೆಲವು ಮೆಲನೋಮ ಕೋಶಗಳ ಮೈಮೇಲೂ ಇರುವುದು ಈ ಶತಮಾನದ ಮೊದಲ ದಶಕದ ಸಂಶೋಧನೆಗಳಿಂದ ತಿಳಿದುಬಂದಿದೆ.

ಮೆಲನೋಮದಿಂದ ತೀರಿಕೊಂಡವರ ಶವಪರೀಕ್ಷೆಯಲ್ಲಿ ನೂರಕ್ಕೆ ೫೦ರಿಂದ ೬೦ ಮಂದಿಯ ಜೀರ್ಣಾಂಗಗಳಲ್ಲಿ ಈ ಗಂಟುಗಳು ಕಂಡುಬಂದಿವೆ. ಆದರೆ ರೋಗಿಯು ಬದುಕಿರುವಾಗ ಇದು ಪತ್ತೆಯಾಗುವುದು ನೂರಕ್ಕೆ ಐವರಲ್ಲಿಯೂ ಇಲ್ಲ. ಈ ಎರಡು ಅಂಕೆಗಳ ನಡುವಿನ ಅಂತರವೇ ಈ ಲೇಖನಕ್ಕೆ ಪ್ರೇರಣೆ. ವ್ಯಾಧಿಯು ಕರುಳಿನಲ್ಲಿದೆ, ಆದರೆ ಅದನ್ನು ಅಲ್ಲಿ ಹುಡುಕಬೇಕೆಂಬ ಸಂಶಯವೇ ಬರುವುದಿಲ್ಲ. ಇದಕ್ಕೆ ಮುಖ್ಯ ಕಾರಣ ಕಾಲದ ಅಂತರ. ಮಚ್ಚೆಯನ್ನು ತೆಗೆದು ಒಂದೆರಡು ವರ್ಷಕ್ಕೆ ಕರುಳಿನಲ್ಲಿ ಕಾಣಿಸಿಕೊಳ್ಳುವುದುಂಟು. ಹತ್ತು ವರ್ಷಕ್ಕೂ ಮೀರಿ ಸುಮ್ಮನಿದ್ದು ಏಳುವುದೂ ಉಂಟು. ಕೆಲವು ಸಲ ಮೂಲದ ಮಚ್ಚೆಯನ್ನು ದೇಹದ ರಕ್ಷಣಾಶಕ್ತಿಯೇ ಅಳಿಸಿಹಾಕಿರುತ್ತದೆ. ಆಗ ಚರ್ಮದ ಮೇಲೆ ಹುಡುಕಿದರೂ ಏನೂ ಸಿಕ್ಕದು. ಮೂಲಶಾಸನವು ಅಳಿಸಿಹೋಗಿ ಅದರ ಪರಿಣಾಮ ಮಾತ್ರ ಉಳಿದಂತೆ ಇದು.

೪. ಕರುಳಿನ ತಡೆ

ಸುಮಾರು ೬ ಮೀಟರ್ ಉದ್ದದ ಸಣ್ಣ ಕರುಳು ಅಲೆಅಲೆಯಾಗಿ ಹಿಂಡುತ್ತ ಅನ್ನವನ್ನು ಮುಂದಕ್ಕೆ ನೂಕುತ್ತದೆ. ಒಳಗೋಡೆಯಲ್ಲಿ ಗಂಟೊಂದು ಬೆಳೆದಾಗ ಕರುಳು ಅದನ್ನೂ ಅನ್ನದ ತುತ್ತೆಂದೇ ಭಾವಿಸಿದಂತೆ ಮುಂದಕ್ಕೆ ನೂಕತೊಡಗುತ್ತದೆ. ಗಂಟು ಗೋಡೆಗೆ ಅಂಟಿಕೊಂಡಿರುವುದರಿಂದ ಗೋಡೆಯೂ ಅದರೊಡನೆ ಎಳೆದುಕೊಂಡು ಹೋಗುತ್ತದೆ. ಅಂಗಿಯ ತೋಳನ್ನು ಬಿಚ್ಚುವಾಗ ಅದರ ತುದಿ ಒಳಕ್ಕೆ ಸರಿದು ಸಿಕ್ಕಿಕೊಳ್ಳುವಂತೆ, ಕರುಳು ಕರುಳಿನೊಳಕ್ಕೇ ತೂರಿಕೊಳ್ಳುತ್ತದೆ. ಹಂಟರನು ಬರೆದುದು ಈ ವಿಕಾರವನ್ನು ಕುರಿತೇ. ಕೆಲವರಲ್ಲಿ ಹೀಗಾಗದೆ, ಗಂಟೇ ಬೆಳೆದು ದಾರಿಯನ್ನು ತುಂಬುತ್ತದೆ.

ಮಕ್ಕಳಲ್ಲಿ ಕರುಳು ತೂರಿಕೊಳ್ಳುವುದು ಅಷ್ಟೇನೂ ಅಪರೂಪವಲ್ಲ. ಅದಕ್ಕೆ ಗಂಟಿನ ಕಾರಣ ಬೇಕಾಗಿಯೂ ಇಲ್ಲ. ದೊಡ್ಡವರಲ್ಲಿ ಮಾತು ಬೇರೆ. ಈ ವಿಕಾರಕ್ಕೆ ತುತ್ತಾಗುವವರಲ್ಲಿ ದೊಡ್ಡವರು ನೂರಕ್ಕೆ ಐದರಷ್ಟು ಮಾತ್ರ. ಅವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಯಲ್ಲಿ ಗಂಟೋ ಮತ್ತಾವುದೋ ನಿಶ್ಚಿತವಾದ ಕಾರಣವಿರುತ್ತದೆ. ಆದುದರಿಂದ ದೊಡ್ಡವರಲ್ಲಿ ಕರುಳು ತೂರಿಕೊಂಡಿದೆ ಎಂದು ತಿಳಿದೊಡನೆ, ಅದಕ್ಕೆ ಮೂಲವೇನೆಂದು ಕೇಳಲೇಬೇಕು.

ತಡೆ ಪೂರ್ಣವಾಗುವ ಮುಂಚೆ ಹಲವು ತಿಂಗಳು ಸೂಚನೆಗಳು ಬರುವುದುಂಟು. ಊಟವಾದ ಮೇಲೆ ಹೊಕ್ಕುಳಿನ ಸುತ್ತ ಹಿಂಡಿದಂತೆ ನೋವು ಬಂದು ಹೋಗುತ್ತದೆ. ಗಂಟಿನಿಂದ ರಕ್ತವು ಕಣ್ಣಿಗೆ ಕಾಣದಂತೆ ಜಿನುಗುವುದರಿಂದ ರೋಗಿ ಬಿಳಿಚಿಕೊಳ್ಳುತ್ತಾನೆ, ಸುಸ್ತು, ಏದುಸಿರು ಕಾಣುತ್ತವೆ, ತೂಕ ಇಳಿಯುತ್ತದೆ. ಕೆಲವರಿಗೆ ಮಲವು ಟಾರಿನಂತೆ ಕಪ್ಪಾಗಿ ಹೋಗುತ್ತದೆ. ಕೊನೆಗೆ ತಡೆ ಪೂರ್ಣವಾದಾಗ ಹೊಟ್ಟೆ ಉಬ್ಬಿ, ವಾಂತಿಯಾಗಿ, ಮಲವೂ ವಾಯುವೂ ಹೊರಹೋಗುವುದು ನಿಂತುಬಿಡುತ್ತದೆ. ಈ ಸ್ಥಿತಿಯಲ್ಲಿ ಹರಳೆಣ್ಣೆಯನ್ನೋ ಮತ್ತಾವುದಾದರೂ ಭೇದಿಯ ಔಷಧವನ್ನೋ ಕುಡಿಸುವುದು ಅಪಾಯಕರ. ಮುಚ್ಚಿದ ದಾರಿಯ ಮೇಲೆ ಕರುಳು ಇನ್ನಷ್ಟು ಬಲವಾಗಿ ಹಿಂಡಿ ಹರಿದುಹೋಗಬಹುದು. ರಕ್ತಸಂಚಾರ ನಿಂತ ಕರುಳು ಕೆಲವೇ ಗಂಟೆಗಳಲ್ಲಿ ಕೊಳೆಯತೊಡಗುವುದರಿಂದ, ತಡಮಾಡದೆ ಶಸ್ತ್ರಚಿಕಿತ್ಸೆಯ ಸೌಕರ್ಯವಿರುವ ಆಸ್ಪತ್ರೆಗೆ ಹೋಗುವುದೊಂದೇ ಮಾರ್ಗ.

೫. ನಮ್ಮ ಸೀಮೆಯ ದೃಷ್ಟಿಯಿಂದ

ಈಗ ಒಂದು ಕಲ್ಪಿತ ಸಂದರ್ಭವನ್ನು ಭಾವಿಸೋಣ. ಹೊಸದುರ್ಗದ ಕಡೆಯ ಒಬ್ಬ ರೈತ, ವಯಸ್ಸು ಐವತ್ತೈದು. ಅವನ ಅಂಗಾಲಿನಲ್ಲಿ ಒಂದು ಕಪ್ಪು ಕಲೆ. ಜಾಲಿಮುಳ್ಳು ಚುಚ್ಚಿ ರಕ್ತ ಹೆಪ್ಪುಗಟ್ಟಿದೆ ಎಂದು ಒಂದು ವರ್ಷ, ಆಣಿ ಎಂದು ಇನ್ನೊಂದು ವರ್ಷ ಕಳೆಯುತ್ತದೆ. ಆಣಿಯನ್ನು ಬ್ಲೇಡಿನಿಂದ ಕೆತ್ತಿಸುತ್ತಾನೆ, ಗಾಯ ಮಾಯುವುದಿಲ್ಲ. ಕೊನೆಗೆ ದೂರದ ಊರಿನ ಆಸ್ಪತ್ರೆಯಲ್ಲಿ ಅದನ್ನು ಕತ್ತರಿಸಿ ತೆಗೆಸಿಕೊಂಡು ಬರುತ್ತಾನೆ. ತುಣುಕಿನ ಪರೀಕ್ಷೆಯ ವರದಿ ಪೆಟ್ಟಿಗೆಯಲ್ಲಿ ಸ್ವಲ್ಪ ಕಾಲವಿದ್ದು ಕಳೆದುಹೋಗುತ್ತದೆ. ಐದಾರು ವರ್ಷಗಳ ಮೇಲೆ ಅವನಿಗೆ ರಕ್ತಹೀನತೆ. ಕಬ್ಬಿಣದ ಮಾತ್ರೆ, ಜಂತುಹುಳುವಿನ ಔಷಧ ಕೊಡುತ್ತಾರೆ. ಹೊಟ್ಟೆನೋವಿಗೆ ಕರುಳಿನ ಕ್ಷಯವೆಂದು ಸಂಶಯಪಡುತ್ತಾರೆ. ಈ ಸಂಶಯದಲ್ಲಿ ವೈದ್ಯರ ತಪ್ಪೇನೂ ಇಲ್ಲ. ಹಿಂದಿನ ಶಸ್ತ್ರಚಿಕಿತ್ಸೆಯಿಂದಾದ ಅಂಟುಗಳು, ಹರ್ನಿಯ, ಕ್ಷಯ ಇವೇ ನಮ್ಮ ದೇಶದಲ್ಲಿ ಕರುಳಿನ ತಡೆಗೆ ಹೆಚ್ಚಿನ ಕಾರಣಗಳು. ಆದರೆ ಅಂಗಾಲಿನ ಗಾಯದ ಗುರುತನ್ನು ಯಾರಾದರೂ ನೋಡಿ, ಇದು ಏನೆಂದು ಕೇಳಿದ್ದರೆ, ಅಥವಾ ರೋಗಿಯೇ ಹೇಳಿದ್ದರೆ, ಸಂಶಯವು ಬೇರೆ ದಾರಿ ಹಿಡಿಯುತ್ತಿತ್ತು. ಹೊಟ್ಟೆನೋವಿಗೂ ಕಾಲಿನ ಹಳೆಯ ಗಾಯಕ್ಕೂ ಏನು ಸಂಬಂಧವೆಂದು ರೋಗಿ ಅದನ್ನು ಹೇಳುವುದಿಲ್ಲ, ಕೇಳುವವರೂ ಇಲ್ಲ.

ಮಾರಿಕಣಿವೆಯ ನಾಲೆಗಳ ಬಯಲಿನಲ್ಲಿಯೂ ಹೊಳಲ್ಕೆರೆಯ ಅಡಿಕೆ ತೋಟಗಳಲ್ಲಿಯೂ ಹಿರಿಯೂರಿನ ಕುರಿಹಟ್ಟಿಗಳಲ್ಲಿಯೂ ಬರಿಗಾಲಿನಲ್ಲಿ ದುಡಿಯುವವರು ಇಂದಿಗೂ ಇದ್ದಾರೆ. ಬರಿಗಾಲಿನ ನಡಿಗೆಯೇ ಈ ವ್ಯಾಧಿಗೆ ಕಾರಣವೆಂದು ಸಿದ್ಧವಾಗಿಲ್ಲ. ಅಂಗಾಲಿನಲ್ಲಿ ದೇಹದ ಭಾರ ಹೆಚ್ಚಾಗಿ ಬೀಳುವ ಸ್ಥಳಗಳಲ್ಲಿ ಇದು ಹೆಚ್ಚೆಂದು ಜಪಾನಿನ ವೈದ್ಯರು ೨೦೧೬ರಲ್ಲಿ ಪ್ರಕಟಿಸಿದ್ದಾರೆ, ಅಷ್ಟನ್ನು ಹೇಳಬಹುದು. ಆದರೆ ಮುಳ್ಳು, ಆಣಿ, ಒಡಕು, ಗಾಯ ಇವು ಬರಿಗಾಲಿನಲ್ಲಿ ನಿತ್ಯದ ಮಾತಾದುದರಿಂದ, ಅವುಗಳ ನಡುವೆ ಇರುವ ಒಂದು ಕೆಟ್ಟ ಕಲೆ ಕಣ್ಣಿಗೆ ಬೀಳುವುದಿಲ್ಲವೆಂಬುದು ನಿಜವಾದ ಅಪಾಯ.

ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ೧೯೭೩ರಲ್ಲಿ ಸ್ಥಾಪಿತವಾಯಿತು. ಕ್ಯಾನ್ಸರ್ ರೋಗಿಗಳ ಲೆಕ್ಕವಿಡುವ ರಾಷ್ಟ್ರೀಯ ಯೋಜನೆಯಲ್ಲಿ ಬೆಂಗಳೂರು ನಗರದ ದಾಖಲೆ ೧೯೮೨ರಿಂದ ನಡೆದುಬಂದಿದೆ. ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು ೨೦೦ ಕಿಲೋಮೀಟರ್. ನಮ್ಮ ರೋಗಿಗಳು ಚಿತ್ರದುರ್ಗ, ದಾವಣಗೆರೆ, ಬೆಂಗಳೂರು ಎಂದು ಊರಿಂದೂರಿಗೆ ಅಲೆಯುವಾಗ, ಒಂದು ಆಸ್ಪತ್ರೆಯ ಬರವಣಿಗೆ ಇನ್ನೊಂದಕ್ಕೆ ತಾನಾಗಿ ತಲಪುವುದಿಲ್ಲ. ರೋಗಿಯ ಕೈಯಲ್ಲಿರುವ ಕಾಗದವೇ ಅವನ ಚರಿತ್ರೆ.

೬. ನಿದಾನ ಮತ್ತು ಚಿಕಿತ್ಸೆ

ಸಂಶಯವೊಂದು ಹುಟ್ಟಿದರೆ ನಿದಾನ ಕಷ್ಟವಲ್ಲ. ತೂರಿಕೊಂಡ ಕರುಳು ಸಿ.ಟಿ. ಸ್ಕ್ಯಾನಿನ ಚಿತ್ರದಲ್ಲಿ ಉಂಗುರದೊಳಗೆ ಉಂಗುರವಿಟ್ಟಂತೆ ಕಾಣುತ್ತದೆ. ಶಸ್ತ್ರವೈದ್ಯರು ಗಂಟಿರುವ ಕರುಳಿನ ಭಾಗವನ್ನು ಕತ್ತರಿಸಿ ತೆಗೆದು, ಉಳಿದ ತುದಿಗಳನ್ನು ಸೇರಿಸಿ ಹೊಲಿಯುತ್ತಾರೆ. ತಡೆ ತಪ್ಪುತ್ತದೆ, ರಕ್ತಸ್ರಾವ ನಿಲ್ಲುತ್ತದೆ, ತೆಗೆದ ಗಂಟನ್ನು ಪರೀಕ್ಷಿಸಿದಾಗ ರೋಗದ ಹೆಸರು ಗೊತ್ತಾಗುತ್ತದೆ. ಕಾಣುವ ಗಂಟುಗಳನ್ನೆಲ್ಲ ತೆಗೆಯಲು ಸಾಧ್ಯವಾದವರು ಉಳಿದವರಿಗಿಂತ ಹೆಚ್ಚು ಕಾಲ ಬದುಕುತ್ತಾರೆ.

ದೂರ ಹರಡಿದ ಮೆಲನೋಮಕ್ಕೆ ೨೦೧೧ರ ಮುಂಚೆ ಆಯುಷ್ಯವನ್ನು ಹೇಳಿಕೊಳ್ಳುವಷ್ಟು ಹೆಚ್ಚಿಸುವ ಔಷಧವಿರಲಿಲ್ಲ. ಬಹುಪಾಲು ರೋಗಿಗಳು ವರ್ಷದೊಳಗೇ ತೀರಿಕೊಳ್ಳುತ್ತಿದ್ದರು. ದೇಹದ ರಕ್ಷಕ ಕೋಶಗಳಿಗೆ ಇರುವ ಸಹಜವಾದ ಕಡಿವಾಣವನ್ನು ಬಿಡಿಸಿ, ಅವು ಕ್ಯಾನ್ಸರಿನ ಮೇಲೆ ಬೀಳುವಂತೆ ಮಾಡುವ ಔಷಧಗಳು ಆ ವರ್ಷದಿಂದ ಬಳಕೆಗೆ ಬಂದುವು. ಇದಕ್ಕೆ ಅಡಿಪಾಯ ಹಾಕಿದ ಜೇಮ್ಸ್ ಆಲಿಸನ್, ತಸುಕು ಹೊಂಜೊ ಇವರಿಗೆ ೨೦೧೮ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಇಂಥ ಎರಡು ಔಷಧಗಳನ್ನು ಕೂಡಿಸಿ ಕೊಟ್ಟವರಲ್ಲಿ ನೂರಕ್ಕೆ ೪೩ ಮಂದಿ ಹತ್ತು ವರ್ಷಗಳ ಅನಂತರವೂ ಬದುಕಿದ್ದರೆಂಬ ವರದಿ ೨೦೨೪ರಲ್ಲಿ ಪ್ರಕಟವಾಯಿತು. ಆ ರೋಗಿಗಳಲ್ಲಿ ಬಹುಮಂದಿ ಬಿಳಿಯರೆಂಬುದನ್ನೂ, ಅಂಗಾಲಿನ ಮೆಲನೋಮವು ಈ ಔಷಧಗಳಿಗೆ ಅಷ್ಟಾಗಿ ಮಣಿಯುವುದಿಲ್ಲವೆಂಬುದನ್ನೂ, ಅವು ಬಹಳ ದುಬಾರಿ ಎಂಬುದನ್ನೂ ಮರೆಯಬಾರದು. ಆದುದರಿಂದ ನಮ್ಮವರಿಗೆ ಎಲ್ಲಕ್ಕಿಂತ ದೊಡ್ಡ ಚಿಕಿತ್ಸೆ ಎಂದರೆ ಕಲೆ ತೆಳುವಾಗಿರುವಾಗಲೇ ಅದನ್ನು ಗುರುತಿಸುವುದು.

ಅಂಗಾಲು, ಅಂಗೈ, ಉಗುರುಗಳಲ್ಲಿ ಹೊಸದಾಗಿ ಹುಟ್ಟಿ ಬೆಳೆಯುತ್ತಿರುವ ಕಲೆ, ಅಂಚು ಸಮನಾಗಿಲ್ಲದ ಕಲೆ, ಒಂದೇ ಕಲೆಯಲ್ಲಿ ಹಲವು ಬಣ್ಣ, ಮಾಯದ ಹುಣ್ಣು, ಉಗುರಿನಿಂದ ಚರ್ಮಕ್ಕೆ ಹರಡುವ ಕಪ್ಪು ಗೆರೆ, ಇವುಗಳಲ್ಲಿ ಯಾವುದು ಕಂಡರೂ ವೈದ್ಯರಿಗೆ ತೋರಿಸಬೇಕು. ಅದನ್ನು ಕೆತ್ತಿಸುವುದು, ಸುಡಿಸುವುದು ಸಲ್ಲದು. ತೆಗೆದ ತುಣುಕನ್ನು ತಪ್ಪದೆ ಪ್ರಯೋಗಾಲಯಕ್ಕೆ ಕಳುಹಿಸಿ, ವರದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

೭. ಉಪಸಂಹಾರ

ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಡಾ॥ ಎಂ. ಎಚ್. ಕೃಷ್ಣ ಅವರೂ, ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅವರೂ ನೆಲವನ್ನು ಅಗೆದು ಪದರಪದರವಾಗಿ ಓದಿದುದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಮೇಲಿನ ಪದರದ ವಸ್ತುವಿಗೆ ಕೆಳಗಿನ ಪದರದಿಂದಲೇ ಅರ್ಥ ಬರುವುದೆಂಬ ಪಾಠವನ್ನು ಅಲ್ಲಿ ಕಲಿಯುತ್ತೇವೆ. ಮೇಲೆ ವಿವರಿಸಿದ ವ್ಯಾಧಿಯೂ ಅದೇ ಪಾಠವನ್ನು ಹೇಳುತ್ತದೆ. ಹಂಟರನ ಸೀಸೆಯಲ್ಲಿದ್ದ ತುಣುಕು ೧೮೧ ವರ್ಷ ಕಾದು ತನ್ನ ಹೆಸರನ್ನು ಪಡೆಯಿತು. ಅದನ್ನು ಯಾರೋ ಕಾಪಾಡಿದ್ದರಿಂದ ಅದು ಸಾಧ್ಯವಾಯಿತು. ರೋಗಿಗೆ ಅಷ್ಟು ಕಾಲಾವಕಾಶವಿಲ್ಲ.

ಶಾಸನ, ಕಡತ, ಕಾಗದಪತ್ರಗಳನ್ನು ಕಾಪಾಡಬೇಕೆಂದು ಊರೂರಿಗೂ ಹೋಗಿ ಹೇಳುವ ನಾವು, ಇನ್ನೊಂದು ಮಾತನ್ನೂ ಸೇರಿಸಿ ಹೇಳಬಹುದು. ಮನೆಯ ಹಿರಿಯರ ಅಂಗಾಲನ್ನು ಒಮ್ಮೆ ನೋಡಿ; ಆಸ್ಪತ್ರೆಯ ಹಳೆಯ ಚೀಟಿಗಳನ್ನು ಎಸೆಯಬೇಡಿ; ಹೊಟ್ಟೆನೋವೆಂದು ವೈದ್ಯರ ಬಳಿಗೆ ಹೋದಾಗ, ಕಾಲಿನಿಂದ ತೆಗೆಸಿದ ಮಚ್ಚೆಯ ವಿಷಯವನ್ನೂ ತಪ್ಪದೆ ಹೇಳಿ.